ಚಿತ್ರದುರ್ಗದ ಆರು ಕೊಠಡಿಗಳ ಅತಿಥಿಗೃಹಕ್ಕೆ ವೆಬ್‌ಸೈಟ್: ಯಾವ ಬಗೆಯಲ್ಲಿ ಮಾಡಿಸುವುದು ಸೂಕ್ತ?

ಕೋಟೆಬದಿ, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಲ್ಲಿ ಕೋಟೆಗೆ ಹೋಗುವ ರಸ್ತೆಯಿಂದ ತುಸು ಒಳಗೆ ನಮ್ಮ ಕುಟುಂಬದ್ದೊಂದು ಆರು ಕೊಠಡಿಗಳ ಅತಿಥಿಗೃಹವಿದೆ. ಹಿಂದೆ ವಾಸದ ಮನೆಯಾಗಿದ್ದುದನ್ನೇ ದುರಸ್ತಿ ಮಾಡಿಸಿ, ಪರವಾನಗಿ ಪಡೆದು ನಡೆಸುತ್ತಿದ್ದೇವೆ. ಬೆಂಗಳೂರಿನಿಂದ ಹಂಪಿಗೆ ಹೊರಟವರು ಒಂದು ರಾತ್ರಿ ಇಲ್ಲಿ ತಂಗಿ, ಬೆಳಿಗ್ಗೆ ಬಿಸಿಲೇರುವ ಮುನ್ನ ಏಳು ಸುತ್ತಿನ ಕೋಟೆ ನೋಡಿಕೊಂಡು ಮುಂದೆ ಸಾಗುತ್ತಾರೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹುಬ್ಬಳ್ಳಿ, ಬೆಳಗಾವಿ ಕಡೆಗೆ ಕಾರಿನಲ್ಲಿ ಹೋಗುವವರು ಕತ್ತಲಾದ ಮೇಲೆ ಫೋನ್ ಮಾಡಿ ಕೊಠಡಿ ಇದೆಯೇ ಎಂದು ವಿಚಾರಿಸುತ್ತಾರೆ. ಮದುವೆಯ ತಿಂಗಳುಗಳಲ್ಲಿ ಹೊಸದುರ್ಗ, ಚಳ್ಳಕೆರೆ, ಹಿರಿಯೂರು ಕಡೆಯ ಮನೆಯವರು ಬೀಗರಿಗೆಂದು ಆರೂ ಕೊಠಡಿಗಳನ್ನು ಒಟ್ಟಿಗೆ ಕೇಳುವುದುಂಟು.

ಇದುವರೆಗೆ ಬುಕಿಂಗ್ ತಾಣಗಳು, ಗೂಗಲ್ ನಕ್ಷೆ ಮತ್ತು ಬಾಯಿಮಾತು ಇವೇ ನಮಗೆ ಆಧಾರ. ಕೆಲವು ವರ್ಷಗಳ ಹಿಂದೆ ಒಬ್ಬರು ಒಂದು ಪುಟದ ವೆಬ್‌ಸೈಟ್ ಮಾಡಿಕೊಟ್ಟಿದ್ದರು. ಈಗ ಅದು ತೆರೆಯುತ್ತಿಲ್ಲ. ಬುಕಿಂಗ್ ತಾಣಗಳ ಕಮಿಷನ್ ಕಳೆದು ಕೈಗೆ ಬರುವ ಹಣ ನೋಡಿದಾಗ, ನಮ್ಮದೇ ಒಂದು ವೆಬ್‌ಸೈಟ್ ಇದ್ದರೆ ಕೆಲವರಾದರೂ ನೇರವಾಗಿ ಬರುತ್ತಾರೆ ಎಂಬ ಆಸೆ ಮನೆಯವರೆಲ್ಲರಿಗೂ ಇದೆ.

ಈಗ ನಮ್ಮ ಮುಂದೆ ಮೂರು ದಾರಿಗಳಿವೆ. ಒಂದು ಸಂಸ್ಥೆಯವರು ಆನ್‌ಲೈನ್ ಬುಕಿಂಗ್ ವ್ಯವಸ್ಥೆ, ಹಣ ಪಾವತಿ ಎಲ್ಲವನ್ನೂ ಸೇರಿಸಿ ಹೊಸದಾಗಿ ಬರೆದುಕೊಡುವುದಾಗಿ ಹೇಳಿದ್ದಾರೆ. ಅವರು ಕೇಳುತ್ತಿರುವ ಮೊತ್ತ ನಮ್ಮಂಥವರಿಗೆ ದೊಡ್ಡದು, ಜೊತೆಗೆ ಪ್ರತಿ ವರ್ಷ ನಿರ್ವಹಣೆಯ ಶುಲ್ಕವೂ ಇದೆ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನ ಮಗ, ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ಕಟ್ಟುವ ತಂತ್ರಾಂಶದಲ್ಲಿ ತಾನೇ ಮಾಡಿಕೊಡುತ್ತೇನೆ ಎನ್ನುತ್ತಾನೆ. ಇನ್ನು ವಿಕ್ಸ್‌ನಂಥ ಸೇವೆಗಳಲ್ಲಿ ತಿಂಗಳ ಬಾಡಿಗೆ ಕಟ್ಟಿ ನಾವೇ ಜೋಡಿಸಿಕೊಳ್ಳಬಹುದು ಎಂದು ಪರಿಚಯದವರೊಬ್ಬರು ಹೇಳಿದರು.

ಆರು ಕೊಠಡಿಗಳಿಗೆ ಆನ್‌ಲೈನ್ ಬುಕಿಂಗ್ ನಿಜವಾಗಿಯೂ ಬೇಕೇ? ಈ ಮೂರರಲ್ಲಿ ಹತ್ತು ವರ್ಷ ಕಳೆದರೂ ನಮ್ಮ ಕೈತಪ್ಪದೆ ಉಳಿಯುವುದು ಯಾವುದು? ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರಬೇಕೆಂಬುದು ನಮ್ಮ ಇಚ್ಛೆ. ಅದಕ್ಕೆ ಏನೇನು ಗಮನಿಸಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.


ಬೆಣ್ಣೆನಗರಿ, ದಾವಣಗೆರೆ

ನಮಸ್ಕಾರ ಕೋಟೆಬದಿಯವರೇ. ನಾನು ದಾವಣಗೆರೆಯಲ್ಲಿ ಒಂದು ಚಿಕ್ಕ ವಸತಿಗೃಹದ ಆಡಳಿತ ನೋಡಿಕೊಳ್ಳುತ್ತೇನೆ. ನಮ್ಮಲ್ಲಿಗೆ ಬರುವವರು ಆಸ್ಪತ್ರೆಗಳಲ್ಲಿ ಇರುವವರ ಕಡೆಯವರು, ಕಾಲೇಜಿಗೆ ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಗಳು. ನಿಮ್ಮ ಅತಿಥಿಗಳು ಬೇರೆ ಬಗೆಯವರಾದರೂ ಅವರು ಕೊಠಡಿ ಹುಡುಕುವ ಕ್ರಮ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಬರೆಯುತ್ತಿದ್ದೇನೆ.

ವೆಬ್‌ಸೈಟ್‌ನಿಂದ ಹೊಸ ಅತಿಥಿ ನಿಮ್ಮನ್ನು ಕಂಡುಹಿಡಿಯುವುದು ಅಪರೂಪ. ಅವರು ನಿಮ್ಮನ್ನು ನಕ್ಷೆಯಲ್ಲೋ ಬುಕಿಂಗ್ ತಾಣದಲ್ಲೋ ಮೊದಲು ನೋಡುತ್ತಾರೆ. ಆಮೇಲೆ ನಿಮ್ಮ ಹೆಸರನ್ನೇ ಗೂಗಲ್‌ನಲ್ಲಿ ಹಾಕಿ, ಇದು ನಿಜವಾಗಿ ಇರುವ ಜಾಗವೇ, ನೇರವಾಗಿ ಫೋನ್ ಮಾಡಬಹುದೇ ಎಂದು ಪರೀಕ್ಷಿಸುತ್ತಾರೆ. ನಿಮ್ಮ ವೆಬ್‌ಸೈಟ್ ಕೆಲಸಕ್ಕೆ ಬರಬೇಕಾದದ್ದು ಆ ಎರಡು ನಿಮಿಷಗಳಲ್ಲಿ. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಗೂಗಲ್‌ನ ಬಿಸಿನೆಸ್ ಪ್ರೊಫೈಲ್ (ನಕ್ಷೆಯಲ್ಲಿ ಕಾಣುವ ನಿಮ್ಮ ವ್ಯಾಪಾರದ ವಿವರ) ನಿಮ್ಮ ಹೆಸರಿನಲ್ಲಿ ದೃಢೀಕರಣವಾಗಿದೆಯೇ ಎಂಬುದನ್ನು ನೋಡಿಕೊಳ್ಳಿ. ಅದು ಉಚಿತ. ದೃಢೀಕರಿಸದ ಪ್ರೊಫೈಲಿನಲ್ಲಿ ಬೇರೆಯವರು ಸೂಚಿಸಿದ ಫೋನ್ ಸಂಖ್ಯೆ ಬಂದು ಕೂರುವ ಅಪಾಯವಿದೆ. ವಸತಿಗೃಹಗಳ ಹೆಸರಿನಲ್ಲಿ ಸುಳ್ಳು ಸಂಖ್ಯೆ ಹಾಕಿ ಮುಂಗಡ ಕಸಿಯುವ ವಂಚಕರು ಇರುವ ಕಾಲ ಇದು.

ಇನ್ನು ಆನ್‌ಲೈನ್ ಬುಕಿಂಗ್ ಕುರಿತು. ಆರು ಕೊಠಡಿಗಳಿಗೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ವೆಬ್‌ಸೈಟ್‌ನಲ್ಲಿ ಒಬ್ಬರು ಶನಿವಾರಕ್ಕೆ ಕೊನೆಯ ಕೊಠಡಿ ಕಾಯ್ದಿರಿಸಿದರು ಎನ್ನಿ. ಅದೇ ಗಳಿಗೆಯಲ್ಲಿ ಎರಡು ಬುಕಿಂಗ್ ತಾಣಗಳಲ್ಲಿ ಆ ಕೊಠಡಿ ಇನ್ನೂ ಖಾಲಿ ಎಂದೇ ತೋರುತ್ತಿರುತ್ತದೆ. ಎಲ್ಲ ಕಡೆ ಲೆಕ್ಕ ಒಂದೇ ಆಗಿರಬೇಕಾದರೆ ಚಾನೆಲ್ ಮ್ಯಾನೇಜರ್ ಎಂಬ ಇನ್ನೊಂದು ಸೇವೆಗೆ ತಿಂಗಳು ತಿಂಗಳು ಹಣ ಕಟ್ಟಬೇಕು. ಐಕ್ಯಾಲ್ ಎಂಬ ಉಚಿತ ಕ್ಯಾಲೆಂಡರ್ ಜೋಡಣೆಯೂ ಕೆಲವು ತಾಣಗಳಲ್ಲಿದೆ, ಆದರೆ ಅದು ಕೂಡಲೇ ಬದಲಾಗುವುದಿಲ್ಲ, ಗಂಟೆಗಳ ವಿಳಂಬವಾಗಬಹುದು. ಬೀಗರಿಗೆಂದು ಮಾತು ಕೊಟ್ಟ ಕೊಠಡಿಗೆ ಬೇರೊಬ್ಬರು ಚೀಟಿ ಹಿಡಿದು ರಾತ್ರಿ ಹನ್ನೊಂದಕ್ಕೆ ಬಂದು ನಿಂತರೆ ಆಗುವ ಮುಜುಗರವನ್ನು ಯಾವ ವೆಬ್‌ಸೈಟೂ ತುಂಬಿಕೊಡಲಾರದು. ಹದಿನೈದು ಇಪ್ಪತ್ತು ಕೊಠಡಿಗಳಾದಾಗ ಈ ಖರ್ಚು ಯೋಗ್ಯ. ಈಗ ನಿಮಗೆ ಬೇಕಿರುವುದು ಫೋನ್ ಗುಂಡಿ, ವಾಟ್ಸ್‌ಆ್ಯಪ್ ಗುಂಡಿ, ಮತ್ತು ಕೌಂಟರಿನಲ್ಲಿ ಒಂದೇ ಒಂದು ಪುಸ್ತಕ.

ಕಮಿಷನ್ ಲೆಕ್ಕವನ್ನು ಹೀಗೆ ಹಾಕಿ ನೋಡಿ. ಬುಕಿಂಗ್ ತಾಣಗಳ ಕಮಿಷನ್ ಸಾಮಾನ್ಯವಾಗಿ ಶೇ. 15ರಿಂದ 20ರ ಆಸುಪಾಸು, ಕೆಲವೆಡೆ ಅದಕ್ಕೂ ಹೆಚ್ಚು. 1,500 ರೂಪಾಯಿಯ ಕೊಠಡಿಗೆ ಶೇ. 18 ಎಂದರೆ 270 ರೂಪಾಯಿ. ಆ ಕಮಿಷನ್ ಮೇಲೆ ಮತ್ತೆ ಜಿಎಸ್‌ಟಿ ಶೇ. 18 ಸೇರಿ ಸುಮಾರು 319 ರೂಪಾಯಿ ಹೋಗುತ್ತದೆ. ನೇರವಾಗಿ ಬಂದವರಿಗೆ 150 ರೂಪಾಯಿ ಕಡಿಮೆ ಮಾಡಿದರೂ ಇಬ್ಬರಿಗೂ ಲಾಭ. ತಾಣದಲ್ಲಿರುವುದಕ್ಕಿಂತ ಕಡಿಮೆ ದರವನ್ನು ನಮ್ಮ ವೆಬ್‌ಸೈಟ್‌ನಲ್ಲಿ ಹಾಕಬಹುದೇ ಎಂದು ನೀವು ಮುಂದೆ ಕೇಳಬಹುದು. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಮೇಕ್‌ಮೈಟ್ರಿಪ್–ಗೋಐಬಿಬೋ ಬುಕಿಂಗ್ ತಾಣಗಳ ಪ್ರಕರಣದಲ್ಲಿ ದಂಡ ವಿಧಿಸಿದ್ದಲ್ಲದೆ, ಹೋಟೆಲುಗಳೊಂದಿಗಿನ ಒಪ್ಪಂದಗಳಲ್ಲಿದ್ದ ದರ ಸಮಾನತೆಯ, ಅಂದರೆ ಬೇರೆಡೆ ಕಡಿಮೆ ದರ ಕೊಡಬಾರದೆಂಬ, ಷರತ್ತುಗಳನ್ನು ತೆಗೆಯಬೇಕೆಂದು ಆದೇಶಿಸಿತು. ಆದರೂ ನೀವು ಸಹಿ ಮಾಡಿರುವ ಪ್ರತಿಯೊಂದು ಒಪ್ಪಂದವನ್ನು ಒಮ್ಮೆ ಓದಿಕೊಂಡ ನಂತರವೇ ದರ ಪ್ರಕಟಿಸುವುದು ಒಳ್ಳೆಯದು. ಜಿಎಸ್‌ಟಿ ನೋಂದಣಿ ಇದ್ದರೆ ತೆರಿಗೆ ಸೇರಿದ ದರವನ್ನೇ ಬರೆಯಿರಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳ ತೆರಿಗೆ ಶೇ. 12ರಿಂದ 5ಕ್ಕೆ ಇಳಿದಿದೆ, ಹಳೆಯ ದರಪಟ್ಟಿ ಇದ್ದರೆ ತಿದ್ದಬೇಕಾಗುತ್ತದೆ.

ಮುಂಗಡಕ್ಕೆ ಯುಪಿಐ ಸಾಕು, ವೆಬ್‌ಸೈಟ್‌ನಲ್ಲೇ ಹಣ ಪಡೆಯುವ ಪೇಮೆಂಟ್ ಗೇಟ್‌ವೇ ಬೇಡ. ಆದರೆ ಕ್ಯೂಆರ್ ಚಿತ್ರವನ್ನು ವೆಬ್‌ಸೈಟ್‌ನಲ್ಲಿ ಹಾಕಬೇಡಿ. ಮಾತಾಡಿ, ಕೊಠಡಿ ಖಚಿತವಾದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ. ಖಾತೆಯಲ್ಲಿ ಯಾರ ಹೆಸರು ಬರುತ್ತದೆ ಎಂಬುದನ್ನು ಮಾತ್ರ ಪುಟದಲ್ಲಿ ಬರೆಯಿರಿ, ಅತಿಥಿಗೆ ಧೈರ್ಯ ಬರುತ್ತದೆ. ನಿಮ್ಮ ಕಡೆಯಿಂದ, ಅವರು ಕಳುಹಿಸಿದ ಸ್ಕ್ರೀನ್‌ಶಾಟ್ ನಂಬದೆ ಬ್ಯಾಂಕ್ ಖಾತೆಯಲ್ಲಿ ಹಣ ಬಿದ್ದಿರುವುದನ್ನು ನೋಡಿಯೇ ಕೊಠಡಿ ಹಿಡಿದಿಡಿ.

ಕೊನೆಯದಾಗಿ, ಫೋನಿನಲ್ಲಿ ಪ್ರತಿದಿನ ಕೇಳುವ ಪ್ರಶ್ನೆಗಳನ್ನು ಒಂದು ವಾರ ಬರೆದಿಟ್ಟುಕೊಳ್ಳಿ. ಕಾರು ಗೇಟಿನ ಒಳಗೆ ನಿಲ್ಲುತ್ತದೆಯೇ, ಟೆಂಪೊ ಟ್ರಾವೆಲರ್ ನಿಮ್ಮ ಬೀದಿಯಲ್ಲಿ ತಿರುಗುತ್ತದೆಯೇ, ರಾತ್ರಿ ಎಷ್ಟು ಹೊತ್ತಿನವರೆಗೆ ಬಾಗಿಲು ತೆರೆಯುತ್ತೀರಿ, ಬಿಸಿನೀರು ಎಷ್ಟು ಗಂಟೆಗೆ, ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ಕೆಳಮಹಡಿಯ ಕೊಠಡಿ ಇದೆಯೇ: ನನಗೆ ತಿಳಿದಂತೆ ಪ್ರಶ್ನೆಗಳು ಇವೇ ಇರುತ್ತವೆ. ಇವುಗಳ ಉತ್ತರ ಮೊದಲ ಪುಟದಲ್ಲಿ, ಬೆರಳಿನಿಂದ ಹೆಚ್ಚು ಜಾರಿಸದೆ ಸಿಗುವಂತಿರಲಿ. ಕೋಟೆಯ ಇತಿಹಾಸವನ್ನು ಎರಡು ಪುಟ ಬರೆಯುವ ಆಸೆ ಆಗುತ್ತದೆ. ಅದಕ್ಕಿಂತ ನಿಮ್ಮ ಗೇಟಿನಿಂದ ಕೋಟೆಯ ಬಾಗಿಲಿಗೆ ನಡೆದು ಎಷ್ಟು ನಿಮಿಷ, ಚಂದ್ರವಳ್ಳಿಗೆ ಆಟೊದಲ್ಲಿ ಎಷ್ಟು ಹೊತ್ತು ಎಂಬ ಸಾಲುಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ.


ಜಾಲಕಸುಬಿ

ಬೆಣ್ಣೆನಗರಿಯವರು ವ್ಯವಹಾರದ ಮುಖವನ್ನು ಚೆನ್ನಾಗಿ ಹೇಳಿದ್ದಾರೆ. ಸಣ್ಣ ಅಂಗಡಿ, ಶಾಲೆ, ವಸತಿಗೃಹಗಳಿಗೆ ವೆಬ್‌ಸೈಟ್ ಮಾಡಿಕೊಡುವುದೇ ನನ್ನ ವೃತ್ತಿಯಾದ್ದರಿಂದ ಮೂರು ದಾರಿಗಳ ಬಗ್ಗೆ ನನಗೆ ತಿಳಿದುದನ್ನು ಬರೆಯುತ್ತೇನೆ. ನೀವು ಕೇಳಿದ ಪ್ರಶ್ನೆಗಳಲ್ಲಿ ಅತ್ಯಂತ ಮುಖ್ಯವಾದದ್ದು ಹತ್ತು ವರ್ಷದ ಪ್ರಶ್ನೆ. ಬಹಳಷ್ಟು ಜನ ಅದನ್ನು ಕೇಳುವುದೇ ಇಲ್ಲ.

ವಿಕ್ಸ್‌ನಂಥ ಸೇವೆಯಲ್ಲಿ ಪುಟ ಜೋಡಿಸುವುದು ಸುಲಭ, ನೋಡಲೂ ಅಚ್ಚುಕಟ್ಟು. ಆದರೆ ಅಲ್ಲಿ ಕಟ್ಟಿದ ವೆಬ್‌ಸೈಟನ್ನು ಹಾಗೆಯೇ ಎತ್ತಿಕೊಂಡು ಬೇರೆ ಕಡೆ ಇಡಲು ಸಾಧ್ಯವಿಲ್ಲ. ಬಾಡಿಗೆ ಏರಿದರೆ ಏರಿದಷ್ಟು ಕಟ್ಟಬೇಕು, ಇಲ್ಲವೇ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಪೂರ್ತಿ ಉಚಿತವಾದ ಸೌಲಭ್ಯಗಳೂ ಶಾಶ್ವತವಲ್ಲ. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆಗೆ ಒಂದು ಪುಟದ ಉಚಿತ ವೆಬ್‌ಸೈಟ್ ಕೊಡುತ್ತಿತ್ತು. ಎಷ್ಟೋ ಸಣ್ಣ ವ್ಯಾಪಾರಿಗಳು ಅದರ ವಿಳಾಸವನ್ನೇ ಬೋರ್ಡಿನ ಮೇಲೆ ಬರೆಸಿದ್ದರು. 2024ರ ಮಾರ್ಚಿನಲ್ಲಿ ಗೂಗಲ್ ಆ ಸೌಲಭ್ಯವನ್ನು ನಿಲ್ಲಿಸಿತು. ಸ್ವಂತ ಡೊಮೈನ್ (ವೆಬ್‌ಸೈಟ್‌ನ ವಿಳಾಸದ ಹೆಸರು) ಇದ್ದವರು ಅದನ್ನು ಬೇರೆ ಪುಟಕ್ಕೆ ತಿರುಗಿಸಿಕೊಂಡರು. ಇಲ್ಲದವರು ಬೋರ್ಡನ್ನೇ ಬದಲಿಸಬೇಕಾಯಿತು. ವೆಬ್‌ಸೈಟ್ ಯಾವುದರಲ್ಲಿ ಬೇಕಾದರೂ ಮಾಡಿಸಿ, ಡೊಮೈನ್ ಮಾತ್ರ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ಗೆ, ನಿಮ್ಮ ಹಣದಿಂದ ಖರೀದಿಯಾಗಿರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಸಂಸ್ಥೆಯವರು ಹೊಸದಾಗಿ ಬರೆದುಕೊಡುವ ಬುಕಿಂಗ್ ವ್ಯವಸ್ಥೆಯ ತೊಂದರೆ ಬೇರೆ. ಬರೆದವರು ಕೆಲಸ ಬಿಟ್ಟರೆ ಅದನ್ನು ತಿದ್ದುವವರು ಸಿಗುವುದಿಲ್ಲ. ಆರು ಕೊಠಡಿಗಳಿಗೆ ಈ ಹೊಣೆ ಹೊರುವ ಅಗತ್ಯ ನನಗೂ ಕಾಣುತ್ತಿಲ್ಲ.

ಉಳಿದದ್ದು ವರ್ಡ್‌ಪ್ರೆಸ್. 2003ರಿಂದ ಇರುವ ಮುಕ್ತ ತಂತ್ರಾಂಶ ಅದು; ಜಗತ್ತಿನ ಐದು ವೆಬ್‌ಸೈಟ್‌ಗಳಲ್ಲಿ ಎರಡಕ್ಕಿಂತ ಹೆಚ್ಚು ಅದರ ಮೇಲೆ ನಡೆಯುತ್ತಿವೆ. ಹಾಗಾಗಿ ನಾಳೆ ನಿಮ್ಮ ಅಣ್ಣನ ಮಗ ಕೆಲಸಕ್ಕೆಂದು ಪುಣೆಗೆ ಹೋದರೂ ಅದನ್ನು ಬಲ್ಲ ಇನ್ನೊಬ್ಬರು ದಾವಣಗೆರೆಯಲ್ಲೋ ದುರ್ಗದಲ್ಲೋ ಸಿಗುತ್ತಾರೆ, ಪುಟಗಳನ್ನು ಬೇರೆ ಹೋಸ್ಟಿಂಗ್‌ಗೆ (ವೆಬ್‌ಸೈಟ್ ಇರಿಸಿಕೊಳ್ಳುವ ಸೇವೆಗೆ) ಸಾಗಿಸಲೂ ಬಹುದು. ಅದರ ತೊಂದರೆ ಎಂದರೆ ಅದಕ್ಕೆ ಆರೈಕೆ ಬೇಕು. ವರ್ಡ್‌ಪ್ರೆಸ್, ಥೀಮ್ (ಪುಟದ ವಿನ್ಯಾಸ), ಪ್ಲಗಿನ್ (ಹೆಚ್ಚುವರಿ ಸೌಲಭ್ಯಕ್ಕೆ ಸೇರಿಸುವ ಕಿರು ತಂತ್ರಾಂಶ) ಮೂರನ್ನೂ ಹೊಸದಾಗಿಡದೆ ಎರಡು ವರ್ಷ ಬಿಟ್ಟರೆ ಹಳೆಯ ಪ್ಲಗಿನ್ನಿನ ಬಿರುಕಿನಿಂದ ಯಾರೋ ನುಗ್ಗಿ ಜೂಜಿನ ಜಾಹೀರಾತು ತುಂಬಿಸಿ ಹೋಗುತ್ತಾರೆ. ಒಮ್ಮೆ ಹಾಗಾದರೆ ಗೂಗಲ್ ಹುಡುಕಾಟದಲ್ಲಿ ನಿಮ್ಮ ಹೆಸರಿನ ಕೆಳಗೆ ಎಚ್ಚರಿಕೆಯ ಸಾಲು ಬರುತ್ತದೆ, ಅದನ್ನು ನೋಡಿದ ಅತಿಥಿ ಮತ್ತೆ ಬರುವುದಿಲ್ಲ.

ನೀವು ಹೇಳದ ನಾಲ್ಕನೆಯ ದಾರಿಯೊಂದಿದೆ. ನಿಮ್ಮ ಸಂದರ್ಭಕ್ಕೆ ನಾನು ಸೂಚಿಸುವುದು ಅದನ್ನೇ. ಮುಖಪುಟ, ಕೊಠಡಿಗಳು ಮತ್ತು ದರ, ತಲುಪುವ ಬಗೆ, ಸುತ್ತಮುತ್ತ, ಸಂಪರ್ಕ ಎಂಬ ಐದು ಪುಟಗಳನ್ನು ಸಾದಾ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಕಡತಗಳಾಗಿ ಬರೆಸಿ ಇಡುವುದು. ಇದಕ್ಕೆ ಡೇಟಾಬೇಸ್ ಇಲ್ಲ, ಪ್ಲಗಿನ್ ಇಲ್ಲ, ಒಡೆದು ನುಗ್ಗಲು ಲಾಗಿನ್ ಪುಟವೂ ಇಲ್ಲ. ಕಡತಗಳ ಒಂದು ನಕಲನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಅದೇ ಬ್ಯಾಕಪ್. ಇಂಥ ಪುಟಗಳನ್ನು ಕ್ಲೌಡ್‌ಫ್ಲೇರ್ ಪೇಜಸ್, ನೆಟ್ಲಿಫೈ ಮುಂತಾದವು ಉಚಿತವಾಗಿ ಇರಿಸಿಕೊಳ್ಳುತ್ತವೆ. ಗಿಟ್‌ಹಬ್ ಪೇಜಸ್ ಕೂಡ ಉಚಿತವೇ ಆದರೂ ಆನ್‌ಲೈನ್ ವ್ಯಾಪಾರ ನಡೆಸಲು ಅದನ್ನು ಉಚಿತ ಹೋಸ್ಟಿಂಗ್‌ ಆಗಿ ಬಳಸಬಾರದು ಎಂದು ಅದರ ನಿಯಮಗಳೇ ಹೇಳುತ್ತವೆ. ಹುಡುಗರು ಅಭ್ಯಾಸಬಲದಿಂದ ಅಲ್ಲೇ ಇಡುತ್ತಾರೆ, ನಿಮ್ಮ ಅಣ್ಣನ ಮಗನಿಗೆ ಇದನ್ನು ಮೊದಲೇ ತಿಳಿಸಿ. ಆಗ ವರ್ಷದ ಖರ್ಚು ಡೊಮೈನ್ ನವೀಕರಣ ಒಂದೇ. ಡಾಟ್ ಇನ್ ಅಥವಾ ಡಾಟ್ ಕಾಮ್ ಹೆಸರಿಗೆ ಸಾಮಾನ್ಯವಾಗಿ ಒಂದೂವರೆ ಸಾವಿರ ರೂಪಾಯಿಯ ಒಳಗೆ ಮುಗಿಯುತ್ತದೆ. ವೆಬ್‌ಸೈಟ್ ಸಂಪರ್ಕವನ್ನು ಸುರಕ್ಷಿತವಾಗಿಸುವ ಎಚ್‌ಟಿಟಿಪಿಎಸ್ ಪ್ರಮಾಣಪತ್ರಕ್ಕೆ ಯಾರಾದರೂ ಬೇರೆ ಹಣ ಕೇಳಿದರೆ ಕೊಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಮೂಲಕ ಅದು ಉಚಿತವಾಗಿ ಸಿಗುತ್ತದೆ, ತಾನಾಗಿಯೇ ನವೀಕರಣವಾಗುವಂತೆ ಇಡಬಹುದು.

ಇದಕ್ಕೂ ಒಂದು ಮಿತಿ ಇದೆ: ದರ ಬದಲಾಯಿಸಲು ಕಡತ ತೆರೆದು ತಿದ್ದಿ ಮತ್ತೆ ಏರಿಸಬೇಕು, ಅದು ತಿಳಿದವರು ಮನೆಯಲ್ಲಿ ಒಬ್ಬರಿರಬೇಕು. ನಿಮ್ಮ ದರ ವರ್ಷಕ್ಕೆ ಒಂದೆರಡು ಸಲ ಬದಲಾಗುವುದಾದರೆ ಸಾದಾ ಪುಟ ಸಾಕು. ವಾರಕ್ಕೊಮ್ಮೆ ಏನಾದರೂ ಹೊಸದನ್ನು ನೀವೇ ಮೊಬೈಲಿನಿಂದ ಬರೆಯುವವರಾದರೆ ವರ್ಡ್‌ಪ್ರೆಸ್ ಸೂಕ್ತ.

ಯಾವುದನ್ನೇ ಆರಿಸಿದರೂ ಫೋಟೋಗಳ ವಿಷಯದಲ್ಲಿ ಜಾಗ್ರತೆ ಬೇಕು. ಈಗಿನ ಮೊಬೈಲ್ ತೆಗೆಯುವ ಒಂದೊಂದು ಚಿತ್ರ ನಾಲ್ಕು ಸಾವಿರ ಪಿಕ್ಸೆಲ್ ಅಗಲ, ಮೂರರಿಂದ ಐದು ಎಂಬಿ ತೂಕ. ಹತ್ತು ಚಿತ್ರ ಹಾಗೆಯೇ ಏರಿಸಿದರೆ ಪುಟವೇ ನಲವತ್ತು ಎಂಬಿ ಆಗುತ್ತದೆ. ಹೆದ್ದಾರಿಯಲ್ಲಿ ಸಿಗ್ನಲ್ ಬಂದು ಹೋಗುವ ಕಡೆ ಕಾರಿನಲ್ಲಿ ಕುಳಿತು ನೋಡುವವರಿಗೆ ಅದು ತೆರೆಯುವುದೇ ಇಲ್ಲ. ಅದೇ ಚಿತ್ರವನ್ನು 1,600 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ತಂದರೆ ಸುಮಾರು ಇನ್ನೂರು ಕೆಬಿ ಸುತ್ತಮುತ್ತ ನಿಲ್ಲುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಗೂಗಲ್‌ನ ಸ್ಕ್ವೂಶ್ ಎಂಬ ಉಚಿತ ಸಾಧನದಲ್ಲಿ ಬ್ರೌಸರಿನಲ್ಲೇ ಇದನ್ನು ಮಾಡಬಹುದು. ಚಿತ್ರ ತೆಗೆಯುವಾಗ ಕಿಟಕಿ ತೆರೆದು, ಬೆಳಗಿನ ಬೆಳಕಿನಲ್ಲಿ, ಬಾಗಿಲ ಮೂಲೆಯಿಂದ ಇಡೀ ಕೊಠಡಿ ಕಾಣುವಂತೆ ತೆಗೆಯಿರಿ. ಸ್ನಾನಗೃಹದ ಚಿತ್ರ ಕಡ್ಡಾಯವಾಗಿ ಇರಲಿ. ಕುಟುಂಬದೊಂದಿಗೆ ಬರುವವರು ಮೊದಲು ಹುಡುಕುವುದು ಅದನ್ನೇ. ಅದಿಲ್ಲದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಭಾವಿಸುತ್ತಾರೆ.

ದರಪಟ್ಟಿಯನ್ನು ಡಿಟಿಪಿ ಅಂಗಡಿಯಲ್ಲಿ ಪೋಸ್ಟರ್ ಮಾಡಿಸಿ ಚಿತ್ರವಾಗಿ ಹಾಕುವ ಪದ್ಧತಿ ನಮ್ಮ ಕಡೆ ಬಹಳ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಚಿತ್ರದೊಳಗಿನ ದರ ಮೊಬೈಲಿನಲ್ಲಿ ಹಿಗ್ಗಿಸದೆ ಓದಲಾಗುವುದಿಲ್ಲ, ದರ ಬದಲಾದಾಗ ಮತ್ತೆ ಅಂಗಡಿಗೆ ಓಡಬೇಕಾಗುತ್ತದೆ. ಅತಿಥಿಗಳ ಆಧಾರ್ ಪ್ರತಿಯನ್ನು ವೆಬ್‌ಸೈಟ್ ಫಾರಂನಲ್ಲಿ ಏರಿಸಿಕೊಳ್ಳುವ ಏರ್ಪಾಡನ್ನೂ ಮಾಡಬೇಡಿ. ಗುರುತಿನ ಚೀಟಿಯನ್ನು ಬಂದಾಗ ಕೌಂಟರಿನಲ್ಲಿ ನೋಡಿದರಾಯಿತು. ಅಂತರ್ಜಾಲದಲ್ಲಿ ಅವುಗಳನ್ನು ಕಾಯುವ ಹೊಣೆ ಸಣ್ಣ ಸಂಸ್ಥೆಗೆ ಸಲ್ಲದು.


ಅಕ್ಷರಗಾವಲು, ದಾವಣಗೆರೆ

ಕನ್ನಡ ಪುಟದ ಬಗ್ಗೆ ಯಾರೂ ಇನ್ನೂ ಬರೆದಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ. ಮುದ್ರಣಾಲಯದಲ್ಲಿ ಕನ್ನಡ ಅಕ್ಷರ ಜೋಡಣೆಯ ಕೆಲಸ ಮಾಡಿದವನು ನಾನು. ಈ ವಿಷಯ ನನಗೆ ಬಹಳ ಹತ್ತಿರದ್ದು.

ನಿಮ್ಮ ಮನೆಯಲ್ಲಿ ಕನ್ನಡ ಕರಪತ್ರ ಇದ್ದರೆ ಅದು ಬಹುಶಃ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟಿನಲ್ಲಿ ಟೈಪಾಗಿರುತ್ತದೆ. ಆ ಹಳೆಯ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಫಾಂಟ್ ಮಾತ್ರ ಅದನ್ನು ಕನ್ನಡದಂತೆ ತೋರಿಸುತ್ತದೆ. ಅದನ್ನು ನಕಲು ಮಾಡಿ ವೆಬ್‌ಸೈಟಿಗೆ ಅಂಟಿಸಿದರೆ ಮೊಬೈಲಿನಲ್ಲಿ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ, ಗೂಗಲ್‌ಗೂ ಅದು ಕನ್ನಡವೆಂದು ತಿಳಿಯುವುದಿಲ್ಲ. ವೆಬ್‌ಸೈಟ್‌ನ ಪ್ರತಿ ಅಕ್ಷರವೂ ಎಲ್ಲ ಸಾಧನಗಳೂ ಗುರುತಿಸುವ ಯೂನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿರಬೇಕು. ಪರಿವರ್ತಿಸುವ ಸಾಧನಗಳಿವೆ, ಆದರೆ ಪರಿವರ್ತಿಸಿದ ಮೇಲೆ ಒಂದೊಂದು ಸಾಲನ್ನೂ ಓದಿ ನೋಡಬೇಕು. ಕಾರಣ ಇದು: ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತಿನ ಗುರುತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬಂದು ಆಮೇಲೆ ಅಕ್ಷರ ಬರುತ್ತದೆ. ಈ ಕ್ರಮ ತಪ್ಪಿಸುವ ಸಾಧನಗಳನ್ನು ನಾನು ನೋಡಿದ್ದೇನೆ. ‘ಚಿತ್ರದುರ್ಗ’ ಎಂಬ ಹೆಸರಿನಲ್ಲೇ ರಕಾರದ ಒತ್ತೂ ಇದೆ, ಅರ್ಕಾವೊತ್ತೂ ಇದೆ. ಮೊದಲು ಆ ಒಂದು ಹೆಸರು ಸರಿಯಾಗಿ ಬಂದಿದೆಯೇ ನೋಡಿ, ಅಲ್ಲಿ ತಪ್ಪಿದ್ದರೆ ಆ ಸಾಧನವನ್ನು ಬಿಟ್ಟುಬಿಡಿ.

ಫಾಂಟಿಗೆ ನೋಟೊ ಸ್ಯಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ, ಓದಲು ಸ್ಪಷ್ಟವಾಗಿದೆ. ಸಾಲುಗಳ ನಡುವಿನ ಅಂತರವನ್ನು ಮಾತ್ರ ಇಂಗ್ಲಿಷ್ ಪುಟಕ್ಕೆ ಇಟ್ಟಂತೆ ಇಡಬಾರದು. ಥೀಮ್ ತಯಾರಿಸುವವರು ಇಂಗ್ಲಿಷ್ ಶೀರ್ಷಿಕೆಗಳಿಗೆ ಅಕ್ಷರದ ಎತ್ತರದ 1.2ರಷ್ಟು ಅಂತರ ಕೊಟ್ಟಿರುತ್ತಾರೆ. ಕನ್ನಡದಲ್ಲಿ ಅಷ್ಟಕ್ಕೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗುತ್ತದೆ. ಗುಂಡಿಗಳ ಒಳಗಂತೂ ‘ವಿಳಾಸಕ್ಕೆ’ ಎಂಬಂಥ ಪದಗಳ ಕೆಳಗಿನ ಒತ್ತು ಕತ್ತರಿಸಿಹೋಗಿರುವುದನ್ನು ಎಷ್ಟೋ ವೆಬ್‌ಸೈಟ್‌ಗಳಲ್ಲಿ ಕಾಣುತ್ತೇವೆ. ಕನ್ನಡ ಪುಟಕ್ಕೆ 1.6ಕ್ಕಿಂತ ಕಡಿಮೆ ಇಡಬೇಡಿರೆಂದು ಮಾಡುವವರಿಗೆ ಹೇಳಿ. ಒಂದು ಸಾಧಾರಣ ಬೆಲೆಯ ಮೊಬೈಲಿನಲ್ಲಿ ತೆರೆದು ನೋಡಿಯೇ ಒಪ್ಪಿಕೊಳ್ಳಿ.

ಕನ್ನಡಕ್ಕೂ ಇಂಗ್ಲಿಷ್‌ಗೂ ಬೇರೆ ಬೇರೆ ವಿಳಾಸದ ಪುಟಗಳಿರಲಿ, ತಾನಾಗಿ ಭಾಷಾಂತರಿಸುವ ಗುಂಡಿ ಬೇಡ. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ ಸೂಚಿಸಬೇಕು, ಎರಡೂ ಪುಟಗಳು ಒಂದಕ್ಕೊಂದು ಜೋಡಿ ಎಂಬುದನ್ನೂ ಸೂಚಿಸಬೇಕು. ಇದು ಗೊತ್ತಿರುವವರಿಗೆ ಎರಡು ಸಾಲಿನ ಕೆಲಸ. ಅದಕ್ಕಿಂತ ಮುಖ್ಯವಾಗಿ, ಎರಡೂ ಪುಟಗಳಲ್ಲಿ ಒಂದೇ ವಿಷಯ ಇರಬೇಕಾಗಿಲ್ಲ. ಕನ್ನಡ ಪುಟ ಓದುವವರು ಬಹುಪಾಲು ಮದುವೆಗೆ ಕೊಠಡಿ ಕೇಳುವ ಸುತ್ತಲಿನ ತಾಲ್ಲೂಕುಗಳವರು. ಅವರಿಗೆ ಕೋಟೆಯ ಪರಿಚಯ ಬೇಕಿಲ್ಲ. ಆರೂ ಕೊಠಡಿ ಒಟ್ಟಿಗೆ ಹಿಡಿದರೆ ದರವೆಷ್ಟು, ಹೆಚ್ಚುವರಿ ಹಾಸಿಗೆ ಕೊಡುತ್ತೀರಾ, ಹೊರಗಿನಿಂದ ಊಟ ತರಿಸಬಹುದೇ ಎಂಬುದು ಅವರಿಗೆ ಬೇಕು. ಇಂಗ್ಲಿಷ್ ಪುಟ ಓದುವವರಿಗೆ ತಲುಪುವ ಬಗೆ ವಿವರವಾಗಿ ಬೇಕು. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದ ರೈಲುಗಳು ದುರ್ಗಕ್ಕೆ ಬರುವುದಿಲ್ಲ, ಚಿಕ್ಕಜಾಜೂರು ಅಥವಾ ದಾವಣಗೆರೆಯಲ್ಲಿ ಇಳಿದು ಬರಬೇಕು, ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್ ರಸ್ತೆ ಎಂಬುದು ಹೊರಗಿನವರಿಗೆ ತಿಳಿದಿರುವುದಿಲ್ಲ.


ಕೋಟೆಬದಿ, ಚಿತ್ರದುರ್ಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ವಿವರವಾಗಿ ಬರೆಯುತ್ತೀರೆಂದು ನಿರೀಕ್ಷಿಸಿರಲಿಲ್ಲ. ಮನೆಯಲ್ಲಿ ಎಲ್ಲರೂ ಕುಳಿತು ಓದಿದೆವು. ನಮ್ಮ ದರ ಬದಲಾಗುವುದು ವರ್ಷಕ್ಕೆ ಒಂದೆರಡು ಬಾರಿ ಮಾತ್ರ, ಹಾಗಾಗಿ ಸಾದಾ ಐದು ಪುಟಗಳೇ ಸಾಕೆಂದು ನನಗೂ ಅನ್ನಿಸುತ್ತಿದೆ. ಬುಕಿಂಗ್ ವ್ಯವಸ್ಥೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ. ಆದರೆ ಡೊಮೈನ್ ಬಗ್ಗೆ ಓದಿದ ಮೇಲೆ ಹಳೆಯ ವೆಬ್‌ಸೈಟ್ ನೆನಪಾಯಿತು. ನಮ್ಮ ಅತಿಥಿಗೃಹದ ಹೆಸರಿನ ಡಾಟ್ ಕಾಮ್ ಡೊಮೈನ್ ಆಗ ಅದನ್ನು ಮಾಡಿಕೊಟ್ಟವರ ಖಾತೆಯಲ್ಲೇ ಇದೆ. ಹಣ ನಾವು ಕೊಟ್ಟಿದ್ದೆವು, ಹೆಸರು ಅವರದು. ಹಳೆಯ ವಿಸಿಟಿಂಗ್ ಕಾರ್ಡು, ಗೇಟಿನ ಫಲಕ ಎಲ್ಲದರಲ್ಲೂ ಆ ವಿಳಾಸವೇ ಇದೆ. ಅದನ್ನು ಮರಳಿ ಪಡೆಯಲು ಏನು ಮಾಡಬೇಕು?


ಹೊಳೆದಂಡೆ, ಹರಿಹರ

ಡೊಮೈನ್ ಪ್ರಶ್ನೆಗೆ ಜಾಲಕಸುಬಿಯವರು ಉತ್ತರಿಸಲಿ. ನಾನು ವರ್ಡ್‌ಪ್ರೆಸ್ ಪರವಾಗಿ ಒಂದು ಮಾತು ಸೇರಿಸಬಯಸುತ್ತೇನೆ. ಅದರ ಆರೈಕೆಯ ಹೊರೆ ಮೊದಲಿನಷ್ಟು ಇಲ್ಲ. 2020ರಲ್ಲಿ ಬಂದ 5.5 ಆವೃತ್ತಿಯಿಂದ ಪ್ಲಗಿನ್ ಮತ್ತು ಥೀಮ್‌ಗಳು ತಾವಾಗಿಯೇ ಹೊಸದಾಗುವಂತೆ ಇಡಬಹುದು. ಪ್ಲಗಿನ್‌ಗಳನ್ನು ಎರಡು ಮೂರಕ್ಕೆ ಮಿತಿಗೊಳಿಸಿ, ಜೊತೆಗೆ ಬರುವ ಸಾದಾ ಥೀಮನ್ನೇ ಬಳಸಿ, ಗಟ್ಟಿಯಾದ ಪಾಸ್‌ವರ್ಡ್ ಇಟ್ಟರೆ ಜಾಲಕಸುಬಿಯವರು ಹೇಳಿದ ಅಪಾಯ ಬಹಳ ಮಟ್ಟಿಗೆ ತಗ್ಗುತ್ತದೆ. ಅಣ್ಣನ ಮಗ ಓದು ಮುಗಿಸಿ ಹೊರಟ ಮೇಲೆ ದರ ತಿದ್ದಬೇಕಾದವರು ನೀವೇ ಅಲ್ಲವೇ? ಎಚ್‌ಟಿಎಂಎಲ್ ಕಡತದಲ್ಲಿ ಒಂದು ಗುರುತು ಅಳಿಸಿಹೋದರೆ ಪುಟವೇ ಚೆಲ್ಲಾಪಿಲ್ಲಿಯಾಗುತ್ತದೆ ಎಂಬ ಅಂಜಿಕೆಯಿಂದ ವರ್ಷಗಟ್ಟಲೆ ಹಳೆಯ ದರವೇ ಉಳಿದ ವೆಬ್‌ಸೈಟ್‌ಗಳು ಬಹಳ ಇವೆ. ಸಾದಾ ಪುಟವನ್ನೇ ಆರಿಸುವುದಾದರೆ, ದರ ತಿದ್ದುವ ಕ್ರಮವನ್ನು ಅವನಿಂದ ಹಂತ ಹಂತವಾಗಿ ಕಾಗದದಲ್ಲಿ ಬರೆಸಿಕೊಂಡು, ಅವನ ಎದುರಿಗೇ ನೀವೊಮ್ಮೆ ಮಾಡಿ ನೋಡಿ.


ಜಾಲಕಸುಬಿ

ಹೊಳೆದಂಡೆಯವರ ಸಲಹೆ ಸರಿಯಾಗಿದೆ, ಬರೆಸಿಕೊಳ್ಳುವುದನ್ನು ಮರೆಯಬೇಡಿ.

ಡೊಮೈನ್ ಬಗ್ಗೆ ಹೇಳುವುದಾದರೆ, ವೆಬ್‌ಸೈಟ್ ಕೆಲಸಕ್ಕಿಂತ ಮುಂಚೆ ಇದನ್ನು ಹಿಡಿಯಿರಿ. ಮೊದಲು ಡೊಮೈನ್‌ಗಳ ವಿವರ ತೋರಿಸುವ ಹೂಇಸ್ ಹುಡುಕಾಟದಲ್ಲಿ ಆ ಹೆಸರನ್ನು ಹಾಕಿದರೆ ಅದು ಯಾವ ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸುವ ಸಂಸ್ಥೆ) ಬಳಿ ಇದೆ, ಅವಧಿ ಯಾವಾಗ ಮುಗಿಯುತ್ತದೆ ಎಂಬುದು ತಿಳಿಯುತ್ತದೆ. ಅವಧಿ ಮುಗಿದು ಹೋಗಿದ್ದರೂ ಕೂಡಲೇ ಕೈತಪ್ಪುವುದಿಲ್ಲ. ರಿಜಿಸ್ಟ್ರಾರ್ ಕೊಡುವ ಕೆಲವು ದಿನಗಳ ರಿಯಾಯಿತಿ ಮುಗಿದು, ಡೊಮೈನ್ ಅಳಿಸುವ ಪಟ್ಟಿಗೆ ಹೋದ ಮೇಲೂ ಡಾಟ್ ಕಾಮ್ ಹೆಸರಿಗೆ 30 ದಿನಗಳ ಮರುಪಡೆಯುವ ಅವಧಿ ಇರುತ್ತದೆ, ಆದರೆ ಆಗ ಶುಲ್ಕ ಬಹಳ ಹೆಚ್ಚು.

ಹೆಸರು ಅವರದೇ ಆಗಿರುವುದರಿಂದ ದಾಖಲೆಯ ಪ್ರಕಾರ ಮಾಲೀಕರು ಅವರೇ. ರಿಜಿಸ್ಟ್ರಾರ್ ನಿಮ್ಮ ಮಾತು ಕೇಳುವುದಿಲ್ಲ, ಅವರ ಒಪ್ಪಿಗೆ ಬೇಕೇ ಬೇಕು. ಆದ್ದರಿಂದ ಜಗಳಕ್ಕೆ ಎಡೆ ಕೊಡದೆ, ಹಣ ಕೊಟ್ಟ ರಸೀದಿ ಅಥವಾ ಬ್ಯಾಂಕ್ ವಿವರವನ್ನು ಜೊತೆಗಿಟ್ಟು ಇಮೇಲ್‌ನಲ್ಲಿ ಸೌಜನ್ಯದಿಂದ ಕೇಳಿ. ಅವರು ಒಪ್ಪಿದರೆ ಸುಲಭದ ದಾರಿ ಇದು: ಅದೇ ರಿಜಿಸ್ಟ್ರಾರ್ ಬಳಿ ನಿಮ್ಮ ಇಮೇಲ್‌ನಿಂದ ಒಂದು ಖಾತೆ ತೆರೆಯಿರಿ, ಅವರು ತಮ್ಮ ಖಾತೆಯಿಂದ ನಿಮ್ಮ ಖಾತೆಗೆ ಡೊಮೈನನ್ನು ಸರಿಸಲಿ. ಬಹುತೇಕ ರಿಜಿಸ್ಟ್ರಾರ್‌ಗಳಲ್ಲಿ ಇದಕ್ಕೆ ಶುಲ್ಕವಿಲ್ಲ. ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸುವುದಾದರೆ ಅವರು ವರ್ಗಾವಣೆ ತಡೆಯುವ ಲಾಕ್ ತೆಗೆದು, ಆಥ್ ಕೋಡ್ ಎಂಬ ವರ್ಗಾವಣೆಯ ಗುಪ್ತಸಂಕೇತ ಕೊಡಬೇಕಾಗುತ್ತದೆ, ವರ್ಗಾವಣೆಯ ಜೊತೆ ಒಂದು ವರ್ಷದ ನವೀಕರಣದ ಹಣವನ್ನೂ ಕಟ್ಟಬೇಕಾಗುತ್ತದೆ. ಮಾಲೀಕರ ಹೆಸರನ್ನು ಮೊದಲೇ ಬದಲಿಸಿದರೆ 60 ದಿನಗಳವರೆಗೆ ವರ್ಗಾವಣೆ ತಡೆಹಿಡಿಯಬಹುದು ಎಂಬುದನ್ನೂ ಗಮನದಲ್ಲಿಡಿ. ಅದೇ ರಿಜಿಸ್ಟ್ರಾರ್ ಒಳಗೆ ಸರಿಸಿಕೊಂಡರೆ ಈ ತೊಡಕುಗಳಿಲ್ಲ. ಸರಿದು ಬಂದ ದಿನವೇ ಮಾಲೀಕರ ಹೆಸರು, ಇಮೇಲ್, ಮೊಬೈಲ್ ಸಂಖ್ಯೆಗಳನ್ನು ನಿಮ್ಮದಾಗಿಸಿ, ತಾನಾಗಿ ನವೀಕರಣವಾಗುವ ಸೌಲಭ್ಯವನ್ನು ಚಾಲೂ ಮಾಡಿ.

ಎರಡು ಮೂರು ಸಲ ಕೇಳಿದರೂ ಉತ್ತರ ಬಾರದಿದ್ದರೆ ಅದಕ್ಕಾಗಿ ಹೊಸ ವೆಬ್‌ಸೈಟನ್ನು ನಿಲ್ಲಿಸಬೇಡಿ. ಅದೇ ಹೆಸರಿನ ಡಾಟ್ ಇನ್ ಖಾಲಿ ಇದೆಯೇ ಈಗಲೇ ನೋಡಿ, ಇದ್ದರೆ ಇಂದೇ ನಿಮ್ಮ ಹೆಸರಿನಲ್ಲಿ ಕೊಂಡುಕೊಳ್ಳಿ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಹಳೆಯ ವಿಳಾಸ ಉಳಿದಿದ್ದರೆ ಅದನ್ನು ಕೂಡಲೇ ತೆಗೆಯಿರಿ, ಏಕೆಂದರೆ ಆ ಡೊಮೈನ್ ಮುಂದೊಮ್ಮೆ ಬೇರೆಯವರ ಪಾಲಾದರೆ ನಿಮ್ಮ ಅತಿಥಿಗಳು ಅಲ್ಲಿಗೆ ಹೋಗಿ ಬೀಳುತ್ತಾರೆ. ಗೇಟಿನ ಫಲಕದ ಮೇಲೆ ಸದ್ಯಕ್ಕೆ ಫೋನ್ ಸಂಖ್ಯೆ ಮಾತ್ರ ಉಳಿಯುವಂತೆ ಮಾಡಿ. ಡೊಮೈನ್ ಯಾವುದೆಂದು ಖಚಿತವಾದ ಮೇಲೆ ಹೊಸದನ್ನು ಬರೆಸಿದರಾಯಿತು.